ಮಿತಿಯ ಬೆಲೆ ತೆರುವವರು ಯಾರು?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕ್ರಿಸ್‌ಮಸ್ ಮುಗಿದ ಮರುದಿನ ಜಿಂಕೆ ಬೇಟೆಯ ಇನ್ನೊಂದು ಸುತ್ತು ಶುರುವಾಗುತ್ತದೆ. ದುರ್ಬೀನು ಕೂರಿಸಿದ ಆಧುನಿಕ ರೈಫಲ್‌ಗಳ ಕಾಲ ಅಷ್ಟೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ಈಗ ಕೋವಿ ಹಿಡಿದು ಕಾಡಿಗೆ ಇಳಿಯುವವರ ಕೈಯಲ್ಲಿ ಇರಬೇಕಾದದ್ದು ಚಕಮಕಿ ಕೋವಿ. ಅದಕ್ಕೆ ಒಂದೇ ನಳಿಗೆ. ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದಲೇ ತುಂಬಿ ಗಜದ ಕೋಲಿನಿಂದ ಜಡಿಯಬೇಕು. ಕಲ್ಲು ಉಕ್ಕಿಗೆ ಬಡಿದು ಹುಟ್ಟಿದ ಕಿಡಿಯೇ ಬೆಂಕಿ. ನಳಿಗೆಯ ಒಳಅಳತೆ 0.44 ಅಂಗುಲಕ್ಕಿಂತ ಕಡಿಮೆ ಇರಕೂಡದು, ದುರ್ಬೀನು ಸಲ್ಲದು. 1974ರಲ್ಲಿ ಆಯ್ದ ಕೆಲವು ಸರ್ಕಾರಿ ಬೇಟೆಗಾಡುಗಳಲ್ಲಿ ಆರಂಭವಾದ ಈ ಪದ್ಧತಿ ಈಗ ಜನವರಿಯ ನಡುವಿನವರೆಗೂ ನಡೆಯುತ್ತದೆ. ಬಾಯಿಂದ ಮದ್ದು ತುಂಬುವ ಕೋವಿಗಳಿಗೆಂದು ಬೇರೆ ರಾಜ್ಯಗಳೂ ದಿನಗಳನ್ನು ಮೀಸಲಿಟ್ಟಿವೆ, ಆದರೆ ಹೆಚ್ಚಿನ ಕಡೆ ಕೇಪು ಇಟ್ಟು ಹೊಡೆಯುವ ಕೋವಿಗೂ ಅನುಮತಿ ಇದೆ. ಪೆನ್ಸಿಲ್ವೇನಿಯಾ ತನ್ನ ಚಳಿಗಾಲದ ಬೇಟೆಗೆ ಕಲ್ಲಿನ ಕಿಡಿಯನ್ನೇ ಕೇಳುತ್ತದೆ.

ಇದಕ್ಕಿಂತ ನೂರು ಪಾಲು ಸಮರ್ಥವಾದ ಆಯುಧ ಅದೇ ಅಂಗಡಿಯ ಅದೇ ಗೋಡೆಯ ಮೇಲೆ ತೂಗುತ್ತಿರುವಾಗ ಮನುಷ್ಯ ಬೇಕೆಂದೇ ಹಳೆಯದನ್ನು ಏಕೆ ಇಳಿಸಿಕೊಳ್ಳುತ್ತಾನೆ? ತನ್ನ ಶಕ್ತಿಗೆ ತಾನೇ ಬೇಲಿ ಹಾಕಿಕೊಳ್ಳುವುದನ್ನು ಎಲ್ಲ ಧರ್ಮಗಳೂ ಸಾಧನೆ ಎಂದು ಕರೆದಿವೆ. ಉಪವಾಸ, ಮೌನ, ಅಪರಿಗ್ರಹ, ಬ್ರಹ್ಮಚರ್ಯ ಎಲ್ಲವೂ ಮಿತಿಯ ವ್ರತಗಳೇ. ಚಕಮಕಿ ಕೋವಿಯ ಬೇಟೆಯೂ ಇದೇ ಸಾಲಿನದೆಂದು ಮನಃಪೂರ್ವಕ ನಂಬುವವರಿದ್ದಾರೆ. ಅವರ ನಂಬಿಕೆಯನ್ನು ತಳ್ಳಿಹಾಕುವ ಮೊದಲು, ಒಪ್ಪಿಕೊಳ್ಳುವ ಮೊದಲೂ, ಒಂದು ವ್ಯತ್ಯಾಸವನ್ನು ಗಮನಿಸಬೇಕು. ಉಪವಾಸ ಹಿಡಿದವನ ಹಸಿವು ಅವನ ಹೊಟ್ಟೆಯದೇ. ಬೇಟೆಗಾರ ಹಾಕಿಕೊಂಡ ಮಿತಿಯ ಕಷ್ಟ ಬೇಟೆಗಾರನ ಪಾಲಿಗೆ ಬರುತ್ತದೆಯೇ, ಜಿಂಕೆಯ ಪಾಲಿಗೆ ಹೋಗುತ್ತದೆಯೇ? ಕಡಿಮೆ ದುಡ್ಡಿನಲ್ಲಿ ಮೊದಲ ಕೋವಿ ಕೊಳ್ಳಲು ಹೊರಟವನಿಗೆ ಈ ಪ್ರಶ್ನೆ ಅಂಗಡಿಯಲ್ಲೇ ಎದುರಾಗುತ್ತದೆ.

ಅವನ ಮುಂದಿರುವ ದಾರಿಗಳು ಹೆಚ್ಚಿಲ್ಲ. ಸ್ಪೇನ್‌ನಲ್ಲಿ ತಯಾರಾಗಿ ಅಮೆರಿಕದಲ್ಲಿ ಟ್ರೆಡಿಷನ್ಸ್ ಹೆಸರಿನಲ್ಲಿ ಮಾರಾಟವಾಗುವ ಕೋವಿ ಕೆಲವು ನೂರು ಡಾಲರ್‌ಗೆ ಸಿಗುತ್ತದೆ. ಇಟಲಿಯ ಗಾರ್ಡೋನೆ ವಾಲ್ ಟ್ರಾಂಪಿಯಾ ಶತಮಾನಗಳಿಂದ ಕೋವಿ ಕಮ್ಮಾರಿಕೆಗೆ ಹೆಸರಾದ ಊರು. ಅಲ್ಲಿನ ಪೆಡೆರ್ಸೋಲಿ ಕೋವಿಗಳಿಗೆ ಇನ್ನಷ್ಟು ತೆರಬೇಕು. ಥಾಮ್ಸನ್ ಸೆಂಟರ್ ಕಂಪನಿ 1970ರಲ್ಲಿ ಹೊರತಂದು ಆಮೇಲೆ ನಿಲ್ಲಿಸಿದ ಹಾಕನ್ ಮಾದರಿಯ ಕೋವಿಗಳು ಹಳೆ ಮಾಲಿನ ಮಾರುಕಟ್ಟೆಯಲ್ಲಿ ಇನ್ನೂ ಓಡಾಡುತ್ತಿವೆ. ಓಹಾಯೋದ ಕಿಬ್ಲರ್ ಅವರಂಥವರು ಕಂಪ್ಯೂಟರ್ ಯಂತ್ರದಲ್ಲಿ ಮರ ಕೊರೆದು ಎಲ್ಲ ಭಾಗಗಳನ್ನೂ ಬಿಡಿಬಿಡಿಯಾಗಿ ಕೊಡುತ್ತಾರೆ. ಕೊಂಡವನು ಮನೆಯಲ್ಲೇ ಜೋಡಿಸಿ, ಉಜ್ಜಿ, ಎಣ್ಣೆ ತಿಕ್ಕಿ ಮುಗಿಸಬೇಕು. ದುಡ್ಡಿನ ಒಂದು ಪಾಲನ್ನು ಅವನು ತನ್ನ ಕೈಕೆಲಸದಲ್ಲಿ ತೀರಿಸುತ್ತಾನೆ. ಕಸುಬುದಾರನೊಬ್ಬ ಒಬ್ಬನಿಗೆಂದೇ ಕಡೆದುಕೊಡುವ ಕೋವಿಗೆ ಹಲವು ಸಾವಿರ ಡಾಲರ್ ಬೇಕಾಗುವುದರಿಂದ ಆ ದಾರಿ ಹೊಸಬನಿಗಲ್ಲ.

ಬೆಲೆ ಇಳಿದಂತೆ ಮೊದಲು ಸೊರಗುವುದು ಯಾವುದು ಎಂಬುದನ್ನು ನೋಡಬೇಕು. ಮರದ ಹೊಳಪು ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ, ಹಿತ್ತಾಳೆಯ ಚಿತ್ತಾರ ಇಲ್ಲದಿದ್ದರೂ ಗುಂಡು ನೇರವೇ ಹೋಗುತ್ತದೆ. ಸೊರಗಬಾರದ ಭಾಗವೆಂದರೆ ಕಿಡಿ ಹುಟ್ಟಿಸುವ ಚಾಪು. ಅದು ಕೆಲಸ ಮಾಡುವ ಬಗೆ ಹೀಗೆ. ಕೋವಿಯ ಕುದುರೆಯ, ಎಂದರೆ ಸುತ್ತಿಗೆಯಂತೆ ಬಡಿಯುವ ಭಾಗದ, ದವಡೆಯಲ್ಲಿ ಚರ್ಮದ ತುಂಡು ಸುತ್ತಿ ಬಿಗಿದ ಕಲ್ಲು ಇರುತ್ತದೆ. ಬಿಲ್ಲನ್ನು (ಟ್ರಿಗರ್) ಎಳೆದೊಡನೆ ಅದು ಎದುರಿನ ಉಕ್ಕಿನ ತಗಡಿಗೆ ಬಡಿದು ಕೆರೆದುಕೊಂಡು ಇಳಿಯುತ್ತದೆ. ಕಿಡಿ ಕಲ್ಲಿನದಲ್ಲ. ಕಲ್ಲು ಹೆರೆದು ತೆಗೆದ ಉಕ್ಕಿನ ಅತಿ ಸಣ್ಣ ಚೂರುಗಳು ಗಾಳಿಯಲ್ಲಿ ಉರಿದು ಕಿಡಿಯಾಗುತ್ತವೆ. ತಗಡು ಹಿಂದಕ್ಕೆ ಮಗುಚಿ ಕೆಳಗಿನ ಬಟ್ಟಲು ತೆರೆದುಕೊಂಡು, ಕಿಡಿ ಅದರಲ್ಲಿರುವ ನಯವಾದ ಮದ್ದಿನ ಮೇಲೆ ಬೀಳುತ್ತದೆ. ಅಲ್ಲಿ ಎದ್ದ ಉರಿ ನಳಿಗೆಯ ಪಕ್ಕದ ತೂತಿನಿಂದ ಒಳಗೆ ಹೊಕ್ಕಾಗ ಮಾತ್ರ ಒಳಗಿನ ಮದ್ದು ಹೊತ್ತಿ ಗುಂಡು ಹೊರಡುತ್ತದೆ. ಒಳ್ಳೆಯ ಚಾಪಿನಲ್ಲಿ ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ತಗಡಿಗೆ ಸರಿಯಾಗಿ ಹದ ಕೊಟ್ಟಿರದಿದ್ದರೆ, ಎರಡು ಸ್ಪ್ರಿಂಗುಗಳ ಬಲ ಒಂದಕ್ಕೊಂದು ಹೊಂದದಿದ್ದರೆ, ಕಲ್ಲು ಬಡಿಯುವ ಕೋನ ತಪ್ಪಿದ್ದರೆ ಕಿಡಿ ಸಾಲದು. ಬಟ್ಟಲಿನ ಮದ್ದು ಬುಸ್ಸೆಂದು ಉರಿದು ಅಲ್ಲಿಗೇ ನಿಲ್ಲಬಹುದು. ಇನ್ನೂ ಕೆಟ್ಟದ್ದೆಂದರೆ, ಈಡು ಹಾರುವುದೇ ಅರೆಕ್ಷಣ ತಡವಾಗಬಹುದು.

ಆ ಅರೆಕ್ಷಣದಲ್ಲೇ ಧರ್ಮಸಂಕಟ ಅಡಗಿದೆ. ಬಟ್ಟಲಿನಲ್ಲಿ ಎದ್ದ ಬೆಳಕಿಗೂ ಸದ್ದಿಗೂ ಬೆಚ್ಚಿ ಜಿಂಕೆ ಒಂದು ಹೆಜ್ಜೆ ಸರಿಯುತ್ತದೆ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಎದೆಗೆ ಬಿದ್ದ ಗುಂಡು ಬೇಗ ಕೊಲ್ಲುತ್ತದೆ. ಹೊಟ್ಟೆಗೆ ಬಿದ್ದರೆ ಪ್ರಾಣಿ ಮೈಲಿಗಟ್ಟಲೆ ಓಡಿ, ಗಂಟೆಗಟ್ಟಲೆ ನರಳಿ, ಯಾರ ಕಣ್ಣಿಗೂ ಬೀಳದ ಕಡೆ ಸಾಯುತ್ತದೆ. ಬೇಟೆಗಾರನಿಗೆ ಅಂದು ತಪ್ಪಿದ್ದು ಒಂದು ಊಟ ಅಥವಾ ಒಂದು ಹೆಮ್ಮೆ. ಮಿತಿಯ ಪೂರ್ತಿ ಬೆಲೆ ತೆತ್ತದ್ದು ಆ ಮಿತಿಯನ್ನು ಆರಿಸಿಕೊಳ್ಳದ ಜೀವ.

ಬೇಟೆಯ ಬಗ್ಗೆ ಗಂಭೀರವಾಗಿ ಯೋಚಿಸಿದ ಇಬ್ಬರು ಲೇಖಕರು ಸ್ವಇಚ್ಛೆಯ ಮಿತಿಯನ್ನು ಹೊಗಳಿದ್ದಾರೆ. ಸ್ಪೇನ್‌ನ ದಾರ್ಶನಿಕ ಹೊಸೆ ಒರ್ಟೇಗಾ ಇ ಗಾಸೆಟ್ 1942ರಲ್ಲಿ ಲಿಸ್ಬನ್‌ನಲ್ಲಿದ್ದಾಗ ಗೆಳೆಯನೊಬ್ಬನ ಬೇಟೆ ಪುಸ್ತಕಕ್ಕೆ ಮುನ್ನುಡಿ ಬರೆದ. ಅದೇ ಬೆಳೆದು ಬೇಟೆಯ ತತ್ವಶಾಸ್ತ್ರವಾಯಿತು. ಆಯುಧ ಬಲವಾಗುತ್ತ ಹೋದಂತೆ ಮನುಷ್ಯ ತನ್ನನ್ನು ತಾನೇ ಕಟ್ಟಿಹಾಕಿಕೊಂಡ, ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಉಳಿಯದಿದ್ದರೆ ಅದು ಬೇಟೆಯೇ ಅಲ್ಲ, ಬರಿಯ ಕೊಲೆ ಎಂಬುದು ಅವನ ವಾದದ ತಿರುಳು. ಅಮೆರಿಕದ ಅರಣ್ಯತಜ್ಞ ಆಲ್ಡೊ ಲಿಯೊಪೋಲ್ಡ್ 1949ರಲ್ಲಿ, ಅವನು ತೀರಿಕೊಂಡ ಮರುವರ್ಷ, ಪ್ರಕಟವಾದ ಪುಸ್ತಕದಲ್ಲಿ ಇದೇ ಮಾತನ್ನು ಬೇರೆ ದಿಕ್ಕಿನಿಂದ ಎತ್ತಿದ. ಕಾಡಿನಲ್ಲಿ ಬೇಟೆಗಾರನನ್ನು ನೋಡುವ ಪ್ರೇಕ್ಷಕರಿಲ್ಲ, ಆದ್ದರಿಂದ ಅವನ ನಡತೆಯನ್ನು ಅಳೆಯುವುದು ಅವನ ಮನಸ್ಸಾಕ್ಷಿಯೊಂದೇ ಎಂದು ಅವನು ಹೇಳಿದ. ಅಂಗಡಿಯ ಉಪಕರಣಗಳ ರಾಶಿ ಆ ಮನಸ್ಸಾಕ್ಷಿಯನ್ನು ಮೊಂಡು ಮಾಡುತ್ತದೆಂದು ದೂರಿದ. ಹಳೆಯ ವಲಸೆಗಾರರ ಹಗುರ ನಡಿಗೆ, ಒಂದು ಜಿಂಕೆಗೆ ಒಂದೇ ಗುಂಡು ಎಂಬ ಶಿಸ್ತು ಅವನಿಗೆ ಮೆಚ್ಚುಗೆ. ತನ್ನ ಬಿಲ್ಲುಬಾಣಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ ಮನುಷ್ಯ ಅವನು, ಬರೆದದ್ದನ್ನು ಬದುಕಿದವನು.

ಇಬ್ಬರ ಮಾತೂ ತೂಕದ್ದೇ. ಆದರೂ ಇಬ್ಬರೂ ಮಿತಿಯನ್ನು ಬೇಟೆಗಾರನ ಕಡೆಯಿಂದ ನೋಡಿದ್ದಾರೆ. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಹೆಚ್ಚಿಸುವ ಮಿತಿ ಬೇರೆ, ಅರೆಗಾಯದ ಅವಕಾಶ ಹೆಚ್ಚಿಸುವ ಮಿತಿ ಬೇರೆ. ಚಕಮಕಿ ಕೋವಿ ಎರಡನ್ನೂ ಒಟ್ಟಿಗೆ ಮಾಡಬಲ್ಲದು. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕಳೆಯುವ ಹೊಣೆ ಕೋವಿ ಹಿಡಿದವನದು. ಕೈಲಾಗುವಷ್ಟು ಒಳ್ಳೆಯ ಚಾಪು ಕೊಳ್ಳುವುದು ಆ ಹೊಣೆಯ ಮೊದಲ ಕಂತು.

ಪೆನ್ಸಿಲ್ವೇನಿಯಾದಲ್ಲಿ ಬೇಟೆಯೇ ಬೇಡವೆನ್ನುವುದು ಸುಲಭವಿಲ್ಲ. ತೋಳವನ್ನೂ ಬೆಕ್ಕಿನ ಜಾತಿಯ ದೊಡ್ಡ ಪ್ರಾಣಿಯಾದ ಕೂಗರನ್ನೂ ಮನುಷ್ಯ ಅಲ್ಲಿಂದ ನಿರ್ಮೂಲ ಮಾಡಿ ಶತಮಾನ ಕಳೆದಿದೆ. ಜಿಂಕೆಯೂ 1900ರ ಹೊತ್ತಿಗೆ ಬಹುತೇಕ ಮಾಯವಾಗಿತ್ತು. 1906ರಿಂದ ಹೊರಗಿನಿಂದ ಜಿಂಕೆಗಳನ್ನು ತಂದು ಬಿಡಬೇಕಾಯಿತು. ತಿನ್ನುವ ಮೃಗವಿಲ್ಲದ ಕಾಡಿನಲ್ಲಿ ಅವು ಎಷ್ಟು ಹೆಚ್ಚಿದವೆಂದರೆ ಎಳೆಯ ಸಸಿಗಳನ್ನು ಮೇದು ಕಾಡಿನ ಮರುಹುಟ್ಟನ್ನೇ ತಡೆಯತೊಡಗಿದವು. ಮನುಷ್ಯನೇ ಕದಡಿದ ಲೆಕ್ಕವನ್ನು ಮನುಷ್ಯನೇ ಸರಿಪಡಿಸಬೇಕೆಂಬ ಮಾತಿಗೆ ಅಲ್ಲಿ ಹುರುಳಿದೆ. ಆದರೆ ಈ ವಾದ ಬೇಟೆಯನ್ನು ಸಮರ್ಥಿಸುತ್ತದೆಯೇ ಹೊರತು ಅದಕ್ಷ ಬೇಟೆಯನ್ನಲ್ಲ.

ಇನ್ನು ಈ ಕೋವಿಯ ಹುಟ್ಟಿನ ಕಡೆ ನೋಡಿದರೆ ಮಿತಿಯ ಕಥೆ ಬೇರೆಯೇ ಬಣ್ಣ ಪಡೆಯುತ್ತದೆ. ಹದಿನೆಂಟನೇ ಶತಮಾನದಲ್ಲಿ ಜರ್ಮನ್ ಭಾಷೆಯ ಕಮ್ಮಾರರು ತಮ್ಮೂರಿನ ಗಿಡ್ಡ, ದಪ್ಪ ನಳಿಗೆಯ ಬೇಟೆಕೋವಿಯ ವಿದ್ಯೆಯನ್ನು ಪೆನ್ಸಿಲ್ವೇನಿಯಾಕ್ಕೆ ತಂದರು. ಅಲ್ಲಿನ ಕಾಡುಗಳಲ್ಲಿ ಅದು ಉದ್ದವಾಗಿ ತೆಳ್ಳಗಾಯಿತು. ಕಾರಣಗಳಲ್ಲಿ ಒಂದು ಶುದ್ಧ ಮಿತವ್ಯಯ. ಅರ್ಧ ಅಂಗುಲದ ನಳಿಗೆಗೆ ಹೊಂದುವ ಗುಂಡಾದರೆ ಒಂದು ಪೌಂಡ್ ಸೀಸದಲ್ಲಿ ಸುಮಾರು 40 ಆಗುತ್ತವೆ; 0.45 ಅಂಗುಲದ್ದಾದರೆ ಸುಮಾರು 55, 0.40ರದ್ದಾದರೆ ಸುಮಾರು 75. ಸೀಸವನ್ನೂ ಮದ್ದನ್ನೂ ಬೆನ್ನ ಮೇಲೆ ಹೊತ್ತು ವಾರಗಟ್ಟಲೆ ಕಾಡಿನಲ್ಲಿರುವವನಿಗೆ ಇದು ಸಣ್ಣ ಲೆಕ್ಕವಲ್ಲ. ಅವನ ಒಂದೇ ಗುಂಡಿನ ಶಿಸ್ತು ವ್ರತವಾಗಿರಲಿಲ್ಲ, ಬಡತನವಾಗಿತ್ತು. ಇಂದು ಆ ಕೋವಿಯನ್ನು ಕೊಳ್ಳುವವನು ಅಂದಿನವನ ಬಡತನವನ್ನು ತನ್ನ ಆಯ್ಕೆಯನ್ನಾಗಿ ಮಾಡಿಕೊಳ್ಳುತ್ತಾನೆ. ಇದರಲ್ಲಿ ತಪ್ಪಿಲ್ಲ, ಸನ್ಯಾಸಿಯೂ ಮಾಡುವುದು ಅದನ್ನೇ. ಆದರೆ ಅಂದಿನವನಿಗಿದ್ದ ಕೈಪಳಗನ್ನು ಬಡತನ ಕಲಿಸಿತ್ತು, ಇಂದಿನವನು ಅದನ್ನು ಬೇರೆಯಾಗಿ ಸಂಪಾದಿಸಬೇಕು.

ಆ ಕಮ್ಮಾರರಲ್ಲಿ ಕೆಲವರು ಯುದ್ಧವನ್ನು ಒಲ್ಲದ ಪಂಥಕ್ಕೆ ಸೇರಿದವರು ಎಂಬುದು ಈ ಚರಿತ್ರೆಯ ಬಹಳ ಕಾಡುವ ಸಂಗತಿ. ಮೊರೇವಿಯನ್ನರು ಮಧ್ಯ ಯುರೋಪಿನಿಂದ ಬಂದ ಪ್ರಾಟೆಸ್ಟೆಂಟ್ ಸಮುದಾಯ. ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್, ನಾಜರೆತ್ ಅವರು ಕಟ್ಟಿದ ಊರುಗಳು; ಸೈನ್ಯಕ್ಕೆ ಸೇರುವುದನ್ನು ಅವರ ಪಂಥ ಬಹುಕಾಲ ವಿರೋಧಿಸಿತು. ನಾಜರೆತ್ ಪಕ್ಕದ ಕ್ರಿಶ್ಚಿಯನ್ಸ್ ಸ್ಪ್ರಿಂಗ್‌ನಲ್ಲಿ ಮದುವೆಯಾಗದ ಗಂಡಸರು ಒಟ್ಟಾಗಿ ಬದುಕಿ, ದುಡಿದು, ಪ್ರಾರ್ಥಿಸುತ್ತಿದ್ದ ನೆಲೆಯಿತ್ತು. ಅಲ್ಲೇ ಕೋವಿ ಕಮ್ಮಟವೂ ಇತ್ತು. ಜರ್ಮನಿಯಲ್ಲಿ ಕಸುಬು ಕಲಿತು 1750ರಲ್ಲಿ ಬಂದ ಆಂಡ್ರಿಯಾಸ್ ಆಲ್ಬ್ರೆಕ್ಟ್ ಅದರ ಹಿರಿಯ. ಅವನ ಶಿಷ್ಯ ಕ್ರಿಶ್ಚಿಯನ್ ಆರ್ಟರ್ 1770ರ ದಶಕದಲ್ಲಿ ಮಾಡಿದ ಕೋವಿಗಳು ಇಂದಿಗೂ ಸಂಗ್ರಾಹಕರ ಕಣ್ಣಲ್ಲಿ ಆ ಕಲೆಯ ಶಿಖರಗಳು. ಇನ್ನೊಬ್ಬ ಮೊರೇವಿಯನ್ ಕಮ್ಮಾರ ಆಂಟನ್ ಶ್ಮಿಟ್. ಸಸ್ಕ್ವೆಹಾನಾ ನದಿ ದಂಡೆಯ ಶಮೋಕಿನ್‌ನಲ್ಲಿ ಮೂಲನಿವಾಸಿಗಳ ಕೋವಿ ರಿಪೇರಿಗೆ ಒಬ್ಬ ಕಮ್ಮಾರ ಬೇಕೆಂದು ಅವರ ನಾಯಕ ಶಿಕೆಲಮಿ ಕೇಳಿದ್ದರಿಂದ ಅವನು 1747ರಲ್ಲಿ ಅಲ್ಲಿ ಕುಲುಮೆ ಹೂಡಿದ. ಮೊರೇವಿಯನ್ನರಿಗೆ ಅದು ಧರ್ಮಪ್ರಚಾರದ ದಾರಿಯೂ ಆಗಿತ್ತು. ಕೋವಿ ಅವರ ಕಣ್ಣಿಗೆ ಊಟ ದೊರಕಿಸುವ ಸಾಧನ, ಹಾಗಾಗಿ ಅದನ್ನು ಮಾಡುವುದು ನೇಗಿಲು ಮಾಡುವಷ್ಟೇ ಪ್ರಾಮಾಣಿಕ ಕೆಲಸ. ಅದೇ ಕೋವಿ ನಾಳೆ ಯಾರ ಕೈಗೆ ಹೋಗುತ್ತದೆ, ಯಾರ ಕಡೆ ತಿರುಗುತ್ತದೆ ಎಂಬುದು ಕಮ್ಮಾರನ ಹತೋಟಿಯಲ್ಲಿ ಉಳಿಯುವುದಿಲ್ಲ. ಆ ಗಡಿನಾಡಿನಲ್ಲಿ 1750ರ ದಶಕದಿಂದಲೇ ರಕ್ತ ಹರಿಯುತ್ತಿತ್ತು.

ಮಾಡಿದವನ ಪಾಲು ಎಷ್ಟು? ಇದನ್ನು ಇಂಗ್ಲೆಂಡಿನ ಒಂದು ಧಾರ್ಮಿಕ ಸಮುದಾಯ ನೇರವಾಗಿ ವಿಚಾರಣೆಗೆ ಎಳೆಯಿತು. ಬರ್ಮಿಂಗ್‌ಹ್ಯಾಮ್‌ನ ಗಾಲ್ಟನ್ ಕುಟುಂಬ ಕ್ವೇಕರ್ ಪಂಥದ್ದು. ಹದಿನೇಳನೇ ಶತಮಾನದಿಂದಲೂ ಎಲ್ಲ ಯುದ್ಧಗಳನ್ನೂ ನಿರಾಕರಿಸಿದ ಪಂಥ ಅದು; 1783ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದ್ದೂ ಅದೇ. ಗಾಲ್ಟನ್ನರ ಮನೆ ಉದ್ಯೋಗವೋ ಚಕಮಕಿ ಕೋವಿಗಳ ತಯಾರಿಕೆ. ಬ್ರಿಟಿಷ್ ಸರ್ಕಾರಕ್ಕೆ ಯುದ್ಧಕಾಲದಲ್ಲಿ ಸೈನ್ಯದ ಕೋವಿ, ಪಶ್ಚಿಮ ಆಫ್ರಿಕಾದ ಕರಾವಳಿಗೆ ವ್ಯಾಪಾರದ ಕೋವಿ. ಆಫ್ರಿಕಾಕ್ಕೆ ಹೋದ ಕೋವಿಗಳು ಬಟ್ಟೆ, ಮದ್ಯ, ಲೋಹಗಳ ಜೊತೆ ಗುಲಾಮರಿಗೆ ವಿನಿಮಯವಾಗುತ್ತಿದ್ದವು. 1760ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ನೋಡಿ ಬಂದ ರಾಜಕಾರಣಿ ಲಾರ್ಡ್ ಶೆಲ್ಬರ್ನ್, ವರ್ಷಕ್ಕೆ ಒಂದೂವರೆ ಲಕ್ಷ ಕೋವಿಗಳು ಆ ಕರಾವಳಿಗೆ ಹೋಗುತ್ತವೆ, ಅವುಗಳಲ್ಲಿ ಬಹಳಷ್ಟು ಹೊಡೆದವನ ಕೈಯಲ್ಲೇ ಸಿಡಿಯುವಂಥವು ಎಂದು ಗಾಬರಿಯಿಂದ ಬರೆದಿಟ್ಟ. ಆ ಅಂಕಿ ಎಷ್ಟು ನಿಖರವೋ, ವ್ಯಾಪಾರ ಮಾತ್ರ ದೊಡ್ಡದಾಗಿತ್ತು, ಮಾಲು ಅಗ್ಗದ್ದಾಗಿತ್ತು. ಬರ್ಮಿಂಗ್‌ಹ್ಯಾಮ್‌ನಲ್ಲಿ ನಳಿಗೆಗಳನ್ನು ಕಡ್ಡಾಯವಾಗಿ ಪರೀಕ್ಷಿಸುವ ಸಾರ್ವಜನಿಕ ಪರೀಕ್ಷಾಗೃಹ ಕಾನೂನಿನ ಮೂಲಕ ಬಂದದ್ದು 1813ರಲ್ಲಿ. ಅದುವರೆಗೆ ಅಗ್ಗದ ಕೋವಿಯ ಉಳಿತಾಯ ಬರ್ಮಿಂಗ್‌ಹ್ಯಾಮ್‌ನಲ್ಲಿ ಉಳಿಯುತ್ತಿತ್ತು, ಅದರ ಬೆಲೆ ಸಮುದ್ರದಾಚೆ ಸಲ್ಲುತ್ತಿತ್ತು.

1795ರಲ್ಲಿ ಪಂಥದ ಸಭೆ ಆ ಕುಟುಂಬದ ಕಿರಿಯ ಸ್ಯಾಮ್ಯುಯೆಲ್ ಗಾಲ್ಟನ್‌ನನ್ನು ಪ್ರಶ್ನಿಸಿತು. ಅವನೇನೂ ಸಾಮಾನ್ಯನಲ್ಲ, ಜೇಮ್ಸ್ ವಾಟ್, ಜೋಸೆಫ್ ಪ್ರೀಸ್ಟ್ಲಿ ಇದ್ದ ಲೂನಾರ್ ಸೊಸೈಟಿಯ ಸದಸ್ಯ. ಅವನ ಉತ್ತರ ಇಂದು ಓದಿದರೂ ಮೈ ಬಿಸಿಯಾಗುತ್ತದೆ. ಈ ಉದ್ಯೋಗ ತನಗೆ ತಂದೆ-ಅಜ್ಜಂದಿರಿಂದ ಬಂದದ್ದು, ಎಪ್ಪತ್ತು ವರ್ಷ ಯಾರೂ ಆಕ್ಷೇಪ ಎತ್ತಲಿಲ್ಲ ಎಂದ. ಕೋವಿ ಮಾಡಿದ ಮಾತ್ರಕ್ಕೆ ಯುದ್ಧವನ್ನು ಒಪ್ಪಿದಂತಾಗುವುದಿಲ್ಲ, ಆತ್ಮರಕ್ಷಣೆಗೂ ಅದು ಬೇಕು ಎಂದ. ಕೊನೆಗೆ ತನ್ನ ಪಂಥದವರ ಕಡೆಗೇ ಬೆರಳು ತೋರಿದ: ಯುದ್ಧಕ್ಕೆ ಖರ್ಚಾಗುವ ತೆರಿಗೆ ಕಟ್ಟುವವರು ನೀವಲ್ಲವೇ, ಗುಲಾಮರು ಬೆಳೆದ ಸಕ್ಕರೆ, ಹತ್ತಿ, ತಂಬಾಕನ್ನು ಕೊಳ್ಳುವವರು ನೀವಲ್ಲವೇ, ನನ್ನೊಬ್ಬನ ಕೈ ಮಾತ್ರ ಹೇಗೆ ಮೈಲಿಗೆ? ಸಭೆ ಅವನ ವಾದವನ್ನು ಒಪ್ಪಲಿಲ್ಲ. 1796ರಲ್ಲಿ ಅವನನ್ನು ಪಂಥದಿಂದ ಹೊರಗಿಟ್ಟಿತು. ಅವನು ಪ್ರಾರ್ಥನಾ ಸಭೆಗೆ ಹೋಗುವುದನ್ನು ಬಿಡಲಿಲ್ಲ. ಮುಂದೆ 1804ರಲ್ಲಿ ಬ್ಯಾಂಕ್ ತೆರೆದು ಕೋವಿಯ ವ್ಯವಹಾರದಿಂದ ಕಾಲ್ತೆಗೆದ.

ಗಾಲ್ಟನ್‌ನ ಮಾತು ಅರ್ಧ ಸತ್ಯ, ಆ ಅರ್ಧ ಬಹಳ ಗಟ್ಟಿಯಾದದ್ದು. ಜಗತ್ತಿನ ವ್ಯಾಪಾರದ ಬಲೆಯಲ್ಲಿ ಪೂರ್ತಿ ಶುದ್ಧವಾದ ಕೈ ಯಾರದೂ ಇಲ್ಲ. ಆದರೆ ಎಲ್ಲರೂ ಪಾಲುದಾರರು ಎಂಬುದರಿಂದ ಎಲ್ಲರ ಪಾಲೂ ಸಮ ಎಂದಾಗುವುದಿಲ್ಲ. ಸಕ್ಕರೆ ಕೊಂಡವಳಿಗೂ, ಸಿಡಿಯಬಹುದೆಂದು ಗೊತ್ತಿದ್ದೂ ನಳಿಗೆಯನ್ನು ಹಡಗು ಹತ್ತಿಸಿದವನಿಗೂ ನಡುವೆ ಅಂತರವಿದೆ. ಆ ಅಂತರವನ್ನು ಅಳೆಯಲು ಮೆಟ್ಟಿಲುಗಳನ್ನು ಕಡೆದಿಟ್ಟವರು ಜೈನ ಆಚಾರ್ಯರು. ಸಮಂತಭದ್ರರ ರತ್ನಕರಂಡ ಶ್ರಾವಕಾಚಾರ ಕರ್ನಾಟಕದ ಜೈನ ಮನೆಗಳಲ್ಲಿ ಇಂದಿಗೂ ಓದುವ ಗ್ರಂಥ. ಗೃಹಸ್ಥ ಬಿಡಬೇಕಾದ ಅನರ್ಥದಂಡಗಳನ್ನು, ಎಂದರೆ ಯಾವ ಅಗತ್ಯವೂ ಇಲ್ಲದೆ ಉಂಟುಮಾಡುವ ಕೇಡುಗಳನ್ನು, ಅದು ಐದಾಗಿ ಎಣಿಸುತ್ತದೆ. ಅವುಗಳಲ್ಲೊಂದು ಹಿಂಸಾದಾನ: ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದು. ಆ ಪಟ್ಟಿಯಲ್ಲಿ ಕತ್ತಿಯ ಜೊತೆಗೆ ಕೊಡಲಿ, ಗುದ್ದಲಿ, ಬೆಂಕಿಯೂ ಸೇರಿವೆ ಎಂಬುದು ಗಮನಾರ್ಹ. ಇನ್ನೊಂದು ಪ್ರಮಾದಚರ್ಯೆ: ಎಚ್ಚರವಿಲ್ಲದೆ, ಉದ್ದೇಶವಿಲ್ಲದೆ ನೆಲ ಅಗೆಯುವುದು, ಗಿಡ ಕಡಿಯುವುದು, ಸುಮ್ಮನೆ ತಿರುಗುವುದು. ಗಾಲ್ಟನ್‌ನ ಮೊಕದ್ದಮೆ ಮೊದಲನೆಯದಕ್ಕೆ ಸಲ್ಲುತ್ತದೆ. ಕೆಟ್ಟ ಚಾಪಿನ ಕೋವಿ ಹಿಡಿದು ಕಾಡಿಗೆ ಹೊರಟವನದು ಎರಡನೆಯದು. ಜೈನಧರ್ಮ ಬೇಟೆಯನ್ನು ಸಂಕಲ್ಪಹಿಂಸೆ ಎಂದು ಪೂರ್ತಿಯಾಗಿಯೇ ನಿಷೇಧಿಸುತ್ತದೆ, ಅದರಲ್ಲಿ ರಾಜಿಯಿಲ್ಲ. ಹಾಗಿದ್ದೂ, ಬೇಟೆಯನ್ನು ಒಪ್ಪುವ ನಾಡಿನ ಮನುಷ್ಯನಿಗೂ ಈ ಎಣಿಕೆ ಉಪಯೋಗಕ್ಕೆ ಬರುತ್ತದೆ: ಅಜಾಗರೂಕತೆಯನ್ನು ಅದು ದುರದೃಷ್ಟದ ಲೆಕ್ಕಕ್ಕೆ ಹಾಕುವುದಿಲ್ಲ.

ಬೇಟೆಯೇ ಬೇಡ, ಕಾಗದದ ಗುರಿಗೆ ಹೊಡೆಯುತ್ತೇನೆ ಎನ್ನುವವರ ಸಂಖ್ಯೆ ದೊಡ್ಡದು. ಅಮೆರಿಕದಲ್ಲಿ ಬಾಯಿಂದ ತುಂಬುವ ಕೋವಿಗಳ ಕೂಟಗಳು ಬಹುಪಾಲು ಗುರಿಯಾಟ, ಹಳೆಯ ಉಡುಪು, ಚರಿತ್ರೆಯ ಪ್ರೀತಿಗಳ ಸುತ್ತ ನಡೆಯುತ್ತವೆ. ಅಲ್ಲಿನ ಕಾನೂನೂ ಇದಕ್ಕೆ ಒಂದು ರೀತಿಯ ಮುಗ್ಧತೆಯನ್ನು ಕೊಟ್ಟಿದೆ. 1968ರ ಕೇಂದ್ರ ಕಾಯ್ದೆ ಚಕಮಕಿ ಕೋವಿಯನ್ನೂ ಅದರ ಹೊಸ ನಕಲನ್ನೂ ಪ್ರಾಚೀನ ವಸ್ತುವಿನ ವರ್ಗಕ್ಕೆ ಸೇರಿಸಿ, ಬಂದೂಕಿನ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಕೆಲವು ರಾಜ್ಯಗಳು ಮಾತ್ರ ತಮ್ಮದೇ ನಿಯಮಗಳನ್ನು ಮೇಲೆ ಹೇರುತ್ತವೆ. ನೂರು ಗಜದೊಳಗೆ ಜಿಂಕೆಯನ್ನೋ ಮನುಷ್ಯನನ್ನೋ ಕೊಲ್ಲಬಲ್ಲ ಸೀಸದ ಗುಂಡಿಗೆ ಈ ವ್ಯಾಖ್ಯೆ ಗೊತ್ತಿಲ್ಲ. ಕಾನೂನು ಬಿಟ್ಟುಕೊಟ್ಟ ಜಾಗವನ್ನು ಕೊಂಡವನ ಎಚ್ಚರವೇ ತುಂಬಬೇಕು. ಮನೆಯಲ್ಲಿ ಮಕ್ಕಳಿದ್ದರೆ ಬೀಗ, ಕರಿಮದ್ದಿನ ಡಬ್ಬಿ ಬೆಂಕಿಯಿಂದ ದೂರ, ಹೊತ್ತದ ಈಡು ನಳಿಗೆಯಲ್ಲಿ ಉಳಿದಾಗ ಮುಂದಿನ ಹೆಜ್ಜೆ ಏನೆಂಬ ತಿಳಿವಳಿಕೆ.

ಪ್ರಾಣಿಯ ಬದಲು ಗುರಿಹಲಗೆ ಇಟ್ಟರೆ ಹಿಂಸೆ ಪೂರ್ತಿ ಕಳೆಯಿತೇ? ಕನ್ನಡ ಓದುಗರಿಗೆ ಇಲ್ಲಿ ಕವಿ ಜನ್ನ ನೆನಪಾಗದೆ ಇರಲಾರ. 1209ರ ಯಶೋಧರ ಚರಿತೆಯಲ್ಲಿ ತಾಯಿಯ ಒತ್ತಾಯಕ್ಕೆ ಮಣಿದು ಅರಸ ಯಶೋಧರ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ರಕ್ತ ಬೀಳಲಿಲ್ಲ, ಆದರೆ ಕೊಲ್ಲುವ ಸಂಕಲ್ಪ ಪೂರ್ತಿಯಾಗಿತ್ತು. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮಾಂತರ ಅಲೆಯುತ್ತಾರೆ. ಹಿಂಸೆಯ ಬೇರು ಮನಸ್ಸಿನಲ್ಲಿದೆ ಎಂಬುದನ್ನು ಇಷ್ಟು ಕಠೋರವಾಗಿ ಹೇಳಿದ ಕಥೆ ಅಪರೂಪ.

ಈ ಕಥೆಯ ಪಕ್ಕದಲ್ಲಿ ಕೊಡಗನ್ನು ಇಟ್ಟು ನೋಡಬೇಕು. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡವ ಮನೆಗಳ ಕೋವಿಗಳು ದೇವರ ಕೋಣೆ ಸೇರುತ್ತವೆ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಅವರ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಹಬ್ಬದ ಮರುದಿನಗಳ ಸಾಮೂಹಿಕ ಬೇಟೆ ಹಿಂದಿನ ಮಾತು. 1972ರ ವನ್ಯಜೀವಿ ಕಾಯ್ದೆಯ ನಂತರ ಅದಕ್ಕೆ ಜಾಗವಿಲ್ಲ, ಈಗ ನಡೆಯುವುದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಆ ತೆಂಗಿನಕಾಯಿ ಜನ್ನನ ಹಿಟ್ಟಿನ ಕೋಳಿಯೇ? ಅಲ್ಲ ಎಂದೇ ಹೇಳಬೇಕು. ಯಶೋಧರ ಕೋಳಿಯ ರೂಪವನ್ನೇ ಮಾಡಿಸಿ, ಕೋಳಿಯ ಸಾವನ್ನೇ ಬಯಸಿ ಕಡಿದ. ಮರಕ್ಕೆ ಕಟ್ಟಿದ ಕಾಯಿಗೆ ಗುರಿಯಿಡುವವನ ಮನಸ್ಸಿನಲ್ಲಿ ಇರುವುದು ಉಸಿರು, ಬೆರಳು, ದೂರ. ಅಲ್ಲಿ ಕೊಲ್ಲಬೇಕಾದದ್ದು ಏನೂ ಇಲ್ಲ. ಒಂದು ಸಮುದಾಯ ತನ್ನ ಆಯುಧದ ಗೌರವವನ್ನು ಉಳಿಸಿಕೊಂಡೇ ಅದರ ಹಸಿವನ್ನು ಬಿಡಬಲ್ಲದು ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ. ಪೆನ್ಸಿಲ್ವೇನಿಯಾದ ಹೊಸ ಕೊಳ್ಳುಗನಿಗೂ ಈ ದಾರಿ ತೆರೆದಿದೆ. ಮೊದಲ ಕೋವಿಯ ಮೊದಲ ವರ್ಷವನ್ನು ಪೂರ್ತಿಯಾಗಿ ಗುರಿಹಲಗೆಗೆ ಕೊಡುವುದರಲ್ಲಿ ಅವನು ಕಳೆದುಕೊಳ್ಳುವುದು ಏನೂ ಇಲ್ಲ.

ಕೊಳ್ಳುವ ಮಾತಿಗೆ ಬಂದರೆ, ಕೈಯಲ್ಲಿರುವ ದುಡ್ಡು ಸಣ್ಣದಾದಷ್ಟೂ ಅದನ್ನು ಎಲ್ಲಿ ಹಾಕಬೇಕೆಂಬುದು ಸ್ಪಷ್ಟವಾಗುತ್ತದೆ. ಮೊದಲು ಚಾಪು, ಆಮೇಲೆ ನಳಿಗೆ, ಕೊನೆಗೆ ಅಲಂಕಾರ. ಅಂಗಡಿಯ ಅನುಮತಿ ಪಡೆದು, ನಳಿಗೆಯಲ್ಲೂ ಬಟ್ಟಲಲ್ಲೂ ಮದ್ದಿಲ್ಲವೆಂದು ಖಚಿತಪಡಿಸಿಕೊಂಡು, ಮಬ್ಬು ಬೆಳಕಿನಲ್ಲಿ ಕುದುರೆಯನ್ನು ಬೀಳಿಸಿ ನೋಡಿದರೆ ಕಿಡಿಗಳು ಬಟ್ಟಲಿಗೆ ದಂಡಿಯಾಗಿ ಬೀಳುತ್ತವೆಯೋ ಪಕ್ಕಕ್ಕೆ ಚದುರುತ್ತವೆಯೋ ತಿಳಿಯುತ್ತದೆ. ಹಳೆ ಮಾಲಾದರೆ ನಳಿಗೆಯೊಳಗೆ ಬೆಳಕು ಬಿಟ್ಟು ತುಕ್ಕಿನ ಗುಳಿಗಳನ್ನು ಹುಡುಕಬೇಕು. ಕರಿಮದ್ದಿನ ಮಸಿ ತೇವ ಹೀರುವುದರಿಂದ, ಹೊಡೆದ ದಿನವೇ ತೊಳೆಯದ ನಳಿಗೆ ಬೇಗ ಹಾಳಾಗುತ್ತದೆ. ಕಾರ್ಖಾನೆಯಲ್ಲಿ ಕತ್ತರಿಸಿದ ಕಲ್ಲಿಗಿಂತ ಕೈಯಿಂದ ಸೀಳಿದ ಕಲ್ಲನ್ನೇ ಹೆಚ್ಚಿನವರು ನೆಚ್ಚುತ್ತಾರೆ. ಇಂಗ್ಲೆಂಡಿನ ಸಫೋಕ್ ಪ್ರಾಂತದ ಬ್ರಾಂಡನ್ ಊರಿನ ಕರಿಕಲ್ಲು ಶತಮಾನಗಳಿಂದ ಇದಕ್ಕೇ ಹೆಸರಾಗಿದೆ. ಮದ್ದಿನ ಬದಲು ಮಾರುವ ಕೃತಕ ಪುಡಿಗಳು ಹೊತ್ತಲು ಹೆಚ್ಚು ಶಾಖ ಬೇಕಾದ್ದರಿಂದ ಚಕಮಕಿ ಕೋವಿಗೆ ಒಗ್ಗುವುದಿಲ್ಲ, ಅಸಲಿ ಕರಿಮದ್ದೇ ಬೇಕು. ಇವೆಲ್ಲ ಕೆಲವು ಡಾಲರ್‌ಗಳ ಸಂಗತಿಗಳು. ಆದರೆ ತಡವಾದ ಈಡನ್ನು ಸಕಾಲದ ಈಡನ್ನಾಗಿ ಮಾಡುವುದು ಇವೇ.

ಉಳಿದದ್ದು ದೂರದ ಪ್ರಶ್ನೆ. ದುಂಡನೆಯ ಸೀಸದ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಅನುಭವಿಗಳು ಜಿಂಕೆಗೆ ನೂರು ಗಜವನ್ನು ಹೊರಗಿನ ಅಂಚೆಂದು ಹೇಳುತ್ತಾರೆ, ಹಲವರು ಐವತ್ತಕ್ಕೇ ನಿಲ್ಲುತ್ತಾರೆ. ಪೆನ್ಸಿಲ್ವೇನಿಯಾದ ನಿಯಮ ಕೋವಿಯ ಅಳತೆಯನ್ನೂ ಗುರಿಕಟ್ಟನ್ನೂ ಹೇಳುತ್ತದೆ. ಮೊದಲ ಲೈಸೆನ್ಸಿಗೆ ಬೇಟೆ ಶಿಕ್ಷಣದ ತರಗತಿಯನ್ನೂ ಕೇಳುತ್ತದೆ. ಜರ್ಮನಿಯಲ್ಲಿ ಬೇಟೆಗಾರನಾಗಬೇಕಾದರೆ ಲಿಖಿತ ಪರೀಕ್ಷೆಯ ಜೊತೆಗೆ ಗುರಿ ಹೊಡೆದು ತೋರಿಸಬೇಕು, ಫಿನ್ಲೆಂಡಿನಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಗುರಿಪರೀಕ್ಷೆ ಪಾಸಾಗಬೇಕು. ಪೆನ್ಸಿಲ್ವೇನಿಯಾದಲ್ಲಿ ಆ ಪರೀಕ್ಷಕನೂ ಪರೀಕ್ಷಾರ್ಥಿಯೂ ಕೋವಿ ಕೊಂಡವನೇ. ಊಟದ ತಟ್ಟೆಯಷ್ಟು ಅಗಲದ ಗುರಿಗೆ, ತಣ್ಣಗಿನ ನಳಿಗೆಯ ಮೊದಲ ಈಡೇ ತಪ್ಪದೆ ಬೀಳುವ ದೂರ ಎಷ್ಟೋ, ಅವನ ಬೇಟೆಯ ದೂರವೂ ಅಷ್ಟೇ ಆಗಿರಬೇಕು. ಅದು ಮೂವತ್ತು ಗಜವಾದರೆ ಮೂವತ್ತು. ಅದರಾಚೆ ನಿಂತ ಜಿಂಕೆಯನ್ನು ಬಿಟ್ಟು ಬರುವ ಕಷ್ಟ ಪೂರ್ತಿಯಾಗಿ ಅವನದೇ, ಅದರಲ್ಲಿ ಜಿಂಕೆಗೆ ಪಾಲಿಲ್ಲ.